ಪಾಳಿಯ ಚಪ್ಪಲಿ

ಬೀದರಿನ ಗಾಂಧಿ ಗಂಜ್ ಮಾರುಕಟ್ಟೆಯ ಅಡತಿ ಅಂಗಡಿಯೊಂದರಲ್ಲಿ ತೂಕದ ಗುಮಾಸ್ತನಾಗಿದ್ದ ಅನೀಲಕುಮಾರ, ಹೊಸ ಹಮಾಲನನ್ನು ನೋಡಿದ ಕೂಡಲೇ ಇವನು ಸಿಐಡಿ ಎಂದು ತೀರ್ಮಾನಿಸಿಬಿಟ್ಟ. ಖಾಕಿ ಪ್ಯಾಂಟು, ಒತ್ತಾಗಿ ಕತ್ತರಿಸಿದ ಕೂದಲು, ತೊಗರಿ ಚೀಲ ಹೊತ್ತಾಗಲೂ ನೆಟ್ಟಗಿನ ನಡಿಗೆ. ತೂಕದ ಮೋಸ ಹಿಡಿಯಲು ವೇಷ ಹಾಕಿ ಬಂದಿರಬೇಕು. ಹೆದರಿದ ಅನೀಲ ಒಂದು ವಾರ ಸರಿಯಾಗಿ ತೂಗಿದ, ಹೊತ್ತು ಹೊತ್ತಿಗೆ ಅವನಿಗೆ ಚಹಾ ಕುಡಿಸಿದ. ಅನೀಲನ ಕೈಯಿಂದ ರೈತರಿಗೆ ಆದ ಉಪಕಾರ ಅಷ್ಟೇ.

ಕೊನೆಗೆ ಹಮಾಲನೇ ಕೇಳಿದ: "ತಮ್ಮಾ, ನನಗ್ಯಾಕ ಇಷ್ಟು ಚಹಾ ಕುಡಸ್ತಿ? ನಾ ಸಸ್ಪೆಂಡ್ ಆದ ಪೊಲೀಸ. ಇಲ್ಲಿ ಹಮಾಲಿ ಮಾಡೂದು ಯಾರ ಮುಂದೂ ಹೇಳಬ್ಯಾಡ."

ಅವನು ಮೆಹಕರದ ಪಂಢರಿ.

ಹಿಂದಿನ ಜೂನಿನಲ್ಲಿ ಔರಾದ ಕಡೆಯ ಹಳ್ಳಿಯೊಂದರ ಸರಕಾರಿ ಗೋದಾಮಿನಲ್ಲಿ ರೈತರಿಗೆ ಸೋಯಾ ಬೀಜ ಹಂಚುತ್ತಿದ್ದರು; ಪಂಢರಿ ಅಲ್ಲಿ ಬಂದೋಬಸ್ತಿಗಿದ್ದ. ಬಿಸಿಲಿನಲ್ಲಿ ಯಾರು ನಿಲ್ಲುತ್ತಾರೆ? ಜನ ರೂಢಿಯಂತೆ ಚಪ್ಪಲಿಗಳನ್ನು ಸಾಲಾಗಿ ಬಿಟ್ಟು, ತಾವು ಬೇವಿನ ನೆರಳಿಗೆ ಕೂತಿದ್ದರು. ಚಪ್ಪಲಿ ಎಲ್ಲಿದೆಯೋ ಪಾಳಿ ಅಲ್ಲಿದೆ. ಮಧ್ಯಾಹ್ನ ಬೀಜ ಮುಗಿಯಿತೆಂದು ಬಾಗಿಲು ಹಾಕಿದರು. ಒಳಗೆ ಚೀಲಗಳು ಕಿಟಕಿಯಿಂದಲೇ ಕಾಣುತ್ತಿದ್ದವು. ಜನ ಬಾಗಿಲ ಮುಂದೆ ಕೂತರು. ಒಂದು ಕಲ್ಲು ಬೀಳಲಿಲ್ಲ. ಎಚ್ಚರಿಕೆಯನ್ನೂ ಕೊಡದೆ ಪೊಲೀಸ್ ಸಾಹೇಬರು ಅಂದರು: "ಹೊಡೀರಿ. ತಲಿ ಕಾಲು ನೋಡಬ್ಯಾಡ್ರಿ."

ಪಂಢರಿ ಲಾಠಿಯನ್ನು ನೆಲಕ್ಕಿಟ್ಟ. "ಪಾಳಿ ಹಚ್ಚಿದ ಮಂದಿಗಿ ನಾ ಹೊಡಿಯಾಂಗಿಲ್ರಿ ಸಾಹೇಬ್ರ."

ಉಳಿದವರು ಹೊಡೆದರು. ಜನ ಬರಿಗಾಲಲ್ಲೇ ಓಡಿದರು. ಸುಂದರಬಾಯಿ ಎಂಬ ಮುದುಕಿ ಮಾತ್ರ ಚಪ್ಪಲಿಗಾಗಿ ತಿರುಗಿ ಬಂದಳು. ಎತ್ತಿಕೊಂಡರೆ ಪಾಳಿ ಹೋದೀತೆಂದು ಎತ್ತಲಿಲ್ಲ. ಅದರ ಪಕ್ಕ ಕಾವಲು ನಿಂತಳು. ಲಾಠಿ ತಲೆಗೇ ಬಿತ್ತು. "ಯಪ್ಪಾ, ನನ್ನ ಪಾಳಿ" ಎಂದು ಚೀರಿದಳು. ಬೀದರಿನ ಆಸ್ಪತ್ರೆ ಮುಟ್ಟುವ ಮೊದಲೇ, ಜೀಪಿನಲ್ಲಿ, ಪಂಢರಿಯ ತೊಡೆಯ ಮೇಲೆ ಸತ್ತಳು.

ಆದೇಶ ಮೀರಿದ್ದಕ್ಕೆ ಪಂಢರಿ ಸಸ್ಪೆಂಡ್ ಆದ, ವಿಚಾರಣೆ ಬಂತು. ಮೇಲಿನವರೊಬ್ಬರು ಒಳದಾರಿ ತೋರಿಸಿದರು: ಆದೇಶ ಕೇಳಿಸಲೇ ಇಲ್ಲ ಅಂದುಬಿಡು, ನೌಕರಿ ಉಳಿಯುತ್ತದೆ. ಪಂಢರಿಗೆ ಕೇಳಿಸದ ಆದೇಶವನ್ನು ಸಾಹೇಬರು ಕೊಟ್ಟೇ ಇಲ್ಲವೆಂದು ಆಗುತ್ತದೆ, ಅವರೂ ಉಳಿಯುತ್ತಾರೆ.

ಭಾಲ್ಕಿಯಲ್ಲಿ ಹೆಂಡತಿ ಅಂಜನಾಬಾಯಿ ಅತ್ತಳು. "ಸತ್ತಾಕಿ ತಿರುಗಿ ಬರ್ತಾಳೇನ್ರಿ? ನಿಮ್ಮ ಹಟಕ್ಕ ಮಗಳು ಪ್ರಣಾಲಿ ನರ್ಸಿಂಗ್ ಬಿಡಬೇಕೇನು?"

ವಿಚಾರಣೆಯ ದಿನ ಅನೀಲನೇ ಬೈಕಿನಲ್ಲಿ ಕರೆದೊಯ್ದ, ದಾರಿಯುದ್ದಕ್ಕೂ ಪಾಠ ಹೇಳಿದ. ಸುಳ್ಳಿನಲ್ಲಿ ಅವನ ಕೈ ಪಳಗಿತ್ತು; ತಕ್ಕಡಿಯೇ ಸಾಕ್ಷಿ.

"ಕಾಕಾ, ಕಿವಿ ಸೋರತಿತ್ತು ಅಂದುಬಿಡ್ರಿ."

"ಎಡದ್ದೋ, ಬಲದ್ದೋ?"

"ಎರಡೂರಿ."

ಪಂಢರಿ ನಕ್ಕ. ಒಪ್ಪಿದನೆಂದೇ ಅನೀಲ ತಿಳಿದ. ಒಳಗೆ ಹೋದವನು ಹೇಳಿದ್ದು ಬೇರೆಯೇ: "ಆದೇಶ ಚಂದಾಗಿ ಕೇಳಿತ್ರಿ. ಕೇಳಿದ್ದಕ್ಕೇ ಲಾಠಿ ಇಟ್ಟೆ."

ದೀಪಾವಳಿಗೆ ಮುನ್ನ ಪಂಢರಿಯನ್ನು ವಜಾ ಮಾಡಿದರು. ಸಾಹೇಬರಿಗೆ ಬೇರೆ ಊರಿಗೆ ವರ್ಗವಾಯಿತು. ಪ್ರಣಾಲಿ ಕಾಲೇಜು ಬಿಟ್ಟು ಭಾಲ್ಕಿಯ ಬಟ್ಟೆ ಅಂಗಡಿಯಲ್ಲಿ ಸೀರೆ ಮಡಚುತ್ತಾಳೆ, ಅಪ್ಪನೊಂದಿಗೆ ಮಾತಿಲ್ಲ. ಪಂಢರಿ ರಜೆಯ ದಿನ ಬಸ್ಸಿನಲ್ಲಿ ಹೋಗಿ, ಆ ಅಂಗಡಿಯ ಎದುರಿನ ಹೋಟೆಲಿನಲ್ಲಿ ಕೂತು, ಅವಳನ್ನು ನೋಡಿ ಬರುತ್ತಾನೆ. ಒಳಗೆ ಹೋಗುವುದಿಲ್ಲ.

ಮೊನ್ನೆ ಚೀಲಗಳ ಮೇಲೆ ಕೂತು ಬುತ್ತಿ ಬಿಚ್ಚಿದಾಗ ಅನೀಲ ತಡೆಯಲಾರದೆ ಕೇಳಿದ: "ಕಾಕಾ, ಮುದುಕಿ ಹ್ಯಾಂಗೂ ಸತ್ತಿದ್ದಳು. ಕೇಳಿಲ್ಲ ಅಂದಿದ್ರ ಮಗಳಾದ್ರೂ ಓದತಿದ್ದಳಲ್ರಿ?"

ಪಂಢರಿ ರೊಟ್ಟಿ ಮುರಿಯುತ್ತಲೇ ಅಂದ:

"ಓದತಿದ್ದಳು. ಆದ್ರ ಮುದುಕಿ ಚೀರಿದ್ದೂ ಕೇಳಿಲ್ಲ ಅನಬೇಕಾಗತಿತ್ತು."