ಪಾತ್ರದಲ್ಲಿ ಇಲ್ಲದ ಕಾಲು

ನಿನ್ನೆ ಸಂಜೆ ಕಾಲ್ಚೀಲ ಕಳಚಿದಾಗ ಅದರ ಅಂಚಿನ ಗುರುತು ಕಾಲಿನ ಸುತ್ತ ಕಾಲುವೆಯಂತೆ ಉಳಿದಿತ್ತು. ಅದನ್ನು ಕಂಡಾಗಲೆಲ್ಲ ಒಬ್ಬ ಹುಡುಗಿ ನೆನಪಾಗುತ್ತಾಳೆ...

ನಿವೃತ್ತನಾದ ಮೇಲೆ ನಾನು ಕೋಥರೂಡದ ಮನೆಯ ಹತ್ತಿರ ಒಂದು ನರ್ಸಿಂಗ್ ಕಾಲೇಜಿನಲ್ಲಿ ರೋಗಿಯ ಹುದ್ದೆಗೆ ಸೇರಿದ್ದೆ. ನಿಜವಾದ ರೋಗಿಗಳನ್ನು ಮುಟ್ಟುವ ಮೊದಲು ವಿದ್ಯಾರ್ಥಿಗಳು ನಮ್ಮಂಥ ಸುಳ್ಳು ರೋಗಿಗಳ ಮೇಲೆ ಕಲಿಯಬೇಕು: ಏನು ಕೇಳಬೇಕು, ಏನು ಗಮನಿಸಬೇಕು, ಡಾಕ್ಟರನ್ನು ಯಾವಾಗ ಕರೆಯಬೇಕು. ನನ್ನ ಪಾಲಿಗೆ ಪಿತ್ತಕೋಶದ ಕಲ್ಲು ಬಂದಿತ್ತು. ಒಂದೇ ಪುಟದ ಪಾತ್ರ. ಆದರೆ ನಾನು ನರಳುತ್ತಿದ್ದ ಗಾಂಭೀರ್ಯಕ್ಕೆ ಐದು ಅಂಕದ ನಾಟಕವೂ ಸಾಲುತ್ತಿರಲಿಲ್ಲ.

ಹುಡುಗಿ ಸೋಲಾಪುರದ ಕಡೆಯವಳು, ಮನೆಮಾತು ಕನ್ನಡ. ಒಮ್ಮೆ ನಪಾಸಾಗಿದ್ದಳು. ಈ ಸಲವೂ ತಪ್ಪಿದರೆ ಮನೆಯವರು ಓದು ಬಿಡಿಸುತ್ತಾರೆಂದು ಪರೀಕ್ಷೆಯ ಹಿಂದಿನ ದಿನವೇ ನನಗೆ ಹೇಳಿದ್ದಳು.

ಪರೀಕ್ಷೆಯಲ್ಲಿ ಹೊಟ್ಟೆಯ ಬಗ್ಗೆ ಕೇಳಬೇಕಾದ್ದನ್ನೆಲ್ಲ ಕೇಳಿದಳು. ಆಮೇಲೆ ಹೊದಿಕೆ ಸರಿಸಿ, ನನ್ನ ಕಣಕಾಲನ್ನು ಹೆಬ್ಬೆರಳಿನಿಂದ ಒತ್ತಿದಳು. ಕುಣಿ ಬಿತ್ತು.

"ಕಾಲು ಬಾತಾವಲ್ರಿ ಕಾಕಾ. ಎಷ್ಟ್ ದಿವಸ ಆತ್ರಿ?"

"ಅದು ನನ್ನ ಪಾತ್ರದಾಗ ಇಲ್ಲವ್ವಾ."

"ಪಾತ್ರದ್ದಲ್ರಿ, ನಿಮ್ಮ ಕಾಲಿಂದು ಕೇಳಾಕತ್ತೀನಿ."

ಹದಿನೈದು ದಿನದಿಂದ ಚಪ್ಪಲಿ ಬಿಗಿಯಾಗುತ್ತಿದ್ದುದು ನನಗೆ ಗೊತ್ತಿತ್ತು. ಆದರೆ ನನ್ನ ಕೊನೆಯ ನರಳಾಟ ಇನ್ನೂ ಬಾಕಿಯಿತ್ತು. ಕಣ್ಣು ಮುಚ್ಚಿ ಅದನ್ನು ಸಾಂಗವಾಗಿ ನೆರವೇರಿಸಿದೆ. ಅವಳು ಕಾಲು ಬಿಡಲಿಲ್ಲ. ಡಾಕ್ಟರನ್ನು ಕರೆಯುವ ಮೊದಲೇ ಪರೀಕ್ಷೆ ಮುಗಿದ ಗಂಟೆ ಹೊಡೆಯಿತು.

ಹೋಗುವಾಗ ಬಾಗಿಲಲ್ಲಿ ನಿಂತು, "ಡಾಕ್ಟರಿಗೆ ತೋರಸ್ರಿ ಕಾಕಾ, ಮರೀಬ್ಯಾಡ್ರಿ" ಎಂದಳು.

ರೋಗಿಗಳೂ ವಿದ್ಯಾರ್ಥಿಗಳ ಬಗ್ಗೆ ಷರಾ ಬರೆಯುವ ಪದ್ಧತಿಯಿತ್ತು. "ಹೊಟ್ಟೆನೋವಿನವನ ಕಾಲು ಹಿಡಿದು ವೇಳೆ ಕಳೆದಳು" ಎಂದು ಬರೆದೆ. ಓದಿದ ಪರೀಕ್ಷಕರು ನಕ್ಕರು. ನನಗದು ಚಪ್ಪಾಳೆಯಂತೆ ಕೇಳಿಸಿತು.

ಎರಡು ತಿಂಗಳ ಮೇಲೆ ಮೆಟ್ಟಿಲ ನಡುವೆ ಉಸಿರು ಸಿಗದೆ ಕುಸಿದು ಕೂತೆ. ಆಸ್ಪತ್ರೆಯ ಡಾಕ್ಟರು ಅದೇ ಜಾಗವನ್ನು ಒತ್ತಿ ನೋಡಿದರು. ಹೃದಯ ದಣಿದಿದೆ, ಕಾಲು ಬಾತಾಗಲೇ ಬರಬೇಕಿತ್ತು, ಯಾರೂ ಹೇಳಲಿಲ್ಲವೇ ಎಂದು ಕೇಳಿದರು.

ಗುಣವಾದ ಮೇಲೆ, ಬರೆದ ಷರಾ ಹಿಂತೆಗೆದುಕೊಳ್ಳಲು ಅರ್ಜಿ ಹಿಡಿದು ಕಾಲೇಜಿಗೆ ಹೋದೆ. ಹುಡುಗಿ ನಪಾಸಾಗಿ ಊರಿಗೆ ಹೋಗಿದ್ದಳು. ಸುಳ್ಳು ರೋಗಿಗಳಿಗೆ ವಿದ್ಯಾರ್ಥಿಗಳ ವಿಳಾಸ ಕೊಡುವ ನಿಯಮವಿಲ್ಲವಂತೆ...

ದಿನಾ ಕಾಲು ಒತ್ತಿ ನೋಡಿಕೊಳ್ಳಬೇಕೆಂದು ಈಗ ಡಾಕ್ಟರರ ಅಪ್ಪಣೆ. ನಿನ್ನೆಯೂ ಒತ್ತಿದೆ. ಕುಣಿ ಮೆಲ್ಲಗೆ ತುಂಬುವುದನ್ನು ನೋಡುತ್ತ, "ಹದಿನೈದು ದಿವಸ ಆತವ್ವಾ" ಎಂದೆ.

ಯಾರ ಜೋಡಿ ಮಾತಾಡುತ್ತೀರೆಂದು ಹೆಂಡತಿ ಒಳಗಿನಿಂದ ಕೇಳಿದಳು. ಯಾರೂ ಇಲ್ಲ ಎಂದೆ.