ಹದಿನಾಲ್ಕು ಬೋಲ್ಟುಗಳ ಪರವಾಗಿ

ಕೊರೊನಾ ಕಳೆದ ಮರುವರ್ಷದ ಕಬ್ಬಿನ ಹಂಗಾಮು. ಸಿಂದಗಿಯಲ್ಲಿ ನಾನು ಟ್ರ್ಯಾಕ್ಟರ್ ಗ್ಯಾರೇಜ್ ಇಟ್ಟು ಆಗ ಇಪ್ಪತ್ತಾರು ವರ್ಷವಾಗಿತ್ತು. ಅದಕ್ಕೂ ಮೊದಲು ಇಂಡಿಯಲ್ಲಿ ಈರಪ್ಪ ಮಿಸ್ತ್ರಿಯವರ ಕೈಕೆಳಗೆ ಒಂಬತ್ತು ವರ್ಷ ಕೆಲಸ ಕಲಿತಿದ್ದೆ. ಎಂಜಿನ್ ಬಿಚ್ಚಿ ಕಟ್ಟುವುದರಲ್ಲಿ ನನ್ನ ಹೆಸರು ಮುದ್ದೇಬಿಹಾಳದವರೆಗೂ ಓಡಾಡುತ್ತಿತ್ತು. ಆ ಹೆಸರಿಗೆ ಮಸಿ ಬಳಿಯುವಂಥ ಒಂದು ಗಾಡಿ ಆ ಹಂಗಾಮಿನಲ್ಲಿ ನನ್ನ ಬಾಗಿಲಿಗೆ ಬಂತು.

ಗಾಡಿ ಮೋರಟಗಿಯ ಮಲ್ಲವ್ವನದು. ಅವರ ಮನೆಯಲ್ಲಿ ಗಂಡನಿಗೆ ಹೊಲ, ಟ್ರ್ಯಾಕ್ಟರಿನ ಸ್ಟಿಯರಿಂಗ್ ಮಲ್ಲವ್ವನಿಗೆ. ಎರಡು ಟ್ರಾಲಿ ಕಬ್ಬು ಹೇರಿಕೊಂಡು ಕಾರ್ಖಾನೆಗೆ ತಾನೇ ಓಡಿಸುವ ಹೆಂಗಸು. ಹೆಡ್ ಗ್ಯಾಸ್ಕೆಟ್ ಸುಟ್ಟಿದೆಯೆಂದು ತಂದಳು. ಹೊಸದು ಹಾಕಿ ಕಳಿಸಿದೆ. ಹತ್ತು ದಿನಕ್ಕೆ ವಾಪಸು ಬಂತು. ಮತ್ತೆ ಕಟ್ಟಿದೆ. ಒಂದು ವಾರಕ್ಕೆ ಇನ್ನೊಂದು ಟ್ರ್ಯಾಕ್ಟರಿನ ಹಿಂದೆ ಹಗ್ಗ ಕಟ್ಟಿಸಿಕೊಂಡು ಮೂರನೆಯ ಸಲ ಬಂತು.

ತಿಳಿಯದವರಿಗೆ ಇಷ್ಟು ಹೇಳಬೇಕು. ಎಂಜಿನ್ ಬ್ಲಾಕಿನ ಮೇಲೆ ಹೆಡ್ ಕೂರುತ್ತದೆ, ಎರಡರ ನಡುವೆ ತೆಳ್ಳನೆಯ ಗ್ಯಾಸ್ಕೆಟ್. ಆ ಗಾಡಿಯಲ್ಲಿ ಹದಿನಾಲ್ಕು ಬೋಲ್ಟುಗಳು ಹೆಡ್ಡನ್ನು ಅದುಮಿ ಹಿಡಿದಿದ್ದವು. ಹಿಡಿತ ಸಾಲದಿದ್ದರೆ ಒಳಗಿನ ಬೆಂಕಿ ಗ್ಯಾಸ್ಕೆಟ್ಟನ್ನು ಸುಟ್ಟು ನೀರಿನ ದಾರಿಗೆ ನುಗ್ಗುತ್ತದೆ, ರೇಡಿಯೇಟರ್ ಕುದಿಯುತ್ತದೆ.

ಈ ಸಲ ಮಲ್ಲವ್ವನ ಜೊತೆಗೆ ಅವಳ ಮೈದುನ ಸಿದ್ದಪ್ಪನೂ ಬಂದಿದ್ದ. ಟ್ರ್ಯಾಕ್ಟರ್ ಜಗ್ಗುವ ಸ್ಪರ್ಧೆಗಳಲ್ಲಿ ಇಳಿಯುವ ಹುರಿಯಾಳು. ಸೊಲ್ಲಾಪುರದಿಂದ ತಂದ ಹೆಡ್ ಸ್ಟಡ್‌ಗಳ ಪೆಟ್ಟಿಗೆಯನ್ನು ನನ್ನ ಬೆಂಚಿನ ಮೇಲೆ ಇಟ್ಟ. ಬೋಲ್ಟಿಗೆ ತಲೆ ಇರುತ್ತದೆ, ಇಡೀ ಬೋಲ್ಟೇ ತಿರುಗಿ ಬ್ಲಾಕಿಗೆ ಇಳಿಯುತ್ತದೆ. ಸ್ಟಡ್‌ಗೆ ತಲೆ ಇಲ್ಲ. ಅದನ್ನು ಬ್ಲಾಕಿನಲ್ಲಿ ಕೂರಿಸಿ, ಮೇಲೆ ನಟ್ ಹಾಕಿ ಬಿಗಿಯುತ್ತಾರೆ. ಪೆಟ್ಟಿಗೆಯಲ್ಲಿದ್ದವು ಥಳಥಳ ಹೊಳೆಯುತ್ತಿದ್ದವು.

“ಕಾಕಾ, ಕಂಪನಿ ಬೋಲ್ಟಿನ್ಯಾಗ ದಮ್ ಇಲ್ಲ. ಸ್ಟಡ್ ಹಾಕ್ರಿ, ಮುಗೀತು” ಎಂದ ಸಿದ್ದಪ್ಪ.

“ಹಾಕಂಗಿಲ್ಲ.”

“ಯಾಕ್ರಿ?”

“ಗ್ಯಾಸ್ಕೆಟ್ ಯಾಕ ಸುಟ್ಟೈತಿ ಅನ್ನೂದು ನಿನಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಗೊತ್ತಾಗೂತನಕ ಬೋಲ್ಟಿಗೆ ಬೈಯಬ್ಯಾಡ.”

ಪಕ್ಕದ ಚಹಾದಂಗಡಿಯವರೂ ಅವನ ಕಡೆಯೇ ವಾಲಿದರು. ಮೊಬೈಲಿನಲ್ಲಿ ನೋಡಿದ್ದನ್ನೆಲ್ಲ ನನಗೆ ಪಾಠ ಮಾಡಿದರು. ನನಗೆ ಸಿಟ್ಟು ನೆತ್ತಿಗೇರಿತ್ತು. ಅಷ್ಟರಲ್ಲಿ ಮಲ್ಲವ್ವ ಮುಂದೆ ಬಂದಳು.

“ಅಣ್ಣಾರ, ಬೋಲ್ಟೋ ಸ್ಟಡ್ಡೋ ನನಗ ತಿಳಿಯಂಗಿಲ್ಲ. ಕಡದ ಕಬ್ಬು ಹೊಲದಾಗ ಒಣಗಾಕತ್ತೈತಿ. ನಾಡದು ಮುಂಜಾನಿ ಗಾಡಿ ಬರಲಿಲ್ಲಂದ್ರ ಕಬ್ಬು ಕಡಿಯೂ ಗ್ಯಾಂಗಿನವ್ರು ನಿಡಗುಂದಿ ಕಡೆ ಹೋಗ್ತಾರ. ಹೋದ್ರ ಈ ವರ್ಷ ತಿರುಗಿ ಬರೂದಿಲ್ಲ.”

“ಒಂದ ದಿನ ಕೊಡ, ಯವ್ವ” ಎಂದೆ.

ಹೆಡ್ ಇಳಿಸಿದೆ. ಹದಿನಾಲ್ಕೂ ಬೋಲ್ಟುಗಳನ್ನು ತೊಳೆದು ಸಾಲಾಗಿ ನಿಲ್ಲಿಸಿ ಅಳೆದೆ. ಒಂದೂ ಎಳೆದು ಉದ್ದವಾಗಿರಲಿಲ್ಲ, ಒಂದರ ಹಲ್ಲೂ ಸವೆದಿರಲಿಲ್ಲ. ಹೆಡ್ಡಿನ ಮೇಲೆ, ಬ್ಲಾಕಿನ ಮೇಲೆ ನೇರಪಟ್ಟಿ ಇಟ್ಟು ನೋಡಿದೆ, ಎರಡೂ ಸಪಾಟು. ಬೋಲ್ಟಿನ ತೂತುಗಳಲ್ಲಿ ಎಣ್ಣೆಯಿಲ್ಲ, ಕಸವಿಲ್ಲ. ಪರೀಕ್ಷಿಸಲು ಉಳಿದದ್ದು ಎರಡೇ: ನನ್ನ ಕೈ, ಮತ್ತು ಬೋಲ್ಟು ಬಿಗಿಯುವ ನನ್ನ ಟಾರ್ಕ್ ಪಾನಾ.

ಟಾರ್ಕ್ ಪಾನಾದೊಳಗೆ ಒಂದು ಸ್ಪ್ರಿಂಗ್ ಇರುತ್ತದೆ. ಹಿಡಿಕೆ ತಿರುಗಿಸಿ ಬೇಕಾದ ಅಂಕಿಗೆ ಇಟ್ಟರೆ, ಬಿಗಿ ಅಷ್ಟಾದಾಗ ‘ಟಕ್’ ಎನ್ನುತ್ತದೆ. ಅದರ ಮಾತನ್ನು ನಾನು ಎಂದೂ ಅನುಮಾನಿಸಿರಲಿಲ್ಲ. ಅಂದು ಅದನ್ನು ಹತ್ತು ಕೆಜಿ-ಮೀಟರಿಗೆ ಇಟ್ಟು, ಅಡ್ಡಲಾಗಿ ವೈಸಿಗೆ ಕಚ್ಚಿಸಿ, ಸರಿಯಾಗಿ ಅರ್ಧ ಮೀಟರ್ ದೂರಕ್ಕೆ ತಂತಿ ಕಟ್ಟಿದೆ. ಅಡತಿ ಅಂಗಡಿಯಿಂದ ತೂಕದ ಕಲ್ಲು ತರಿಸಿ ಒಂದೊಂದಾಗಿ ತೂಗುಬಿಟ್ಟೆ. ಲೆಕ್ಕದ ಪ್ರಕಾರ ಇಪ್ಪತ್ತು ಕೆಜಿಗೆ ಟಕ್ ಎನ್ನಬೇಕು. ಹದಿನಾರಕ್ಕೇ ಎಂದಿತು. ಮೂರು ಸಲ ನೋಡಿದೆ, ಮೂರು ಸಲವೂ ಹದಿನಾರೇ. ಎಂದರೆ ನಾನು ಬಿಗಿದ ಬೋಲ್ಟುಗಳೆಲ್ಲ ಐದರಲ್ಲಿ ಒಂದು ಪಾಲು ಸಡಿಲ.

ಕಾರಣ ಹುಡುಕಲು ದೂರ ಹೋಗಬೇಕಾಗಿರಲಿಲ್ಲ. ದಸರೆಯ ಖಂಡೆ ಪೂಜೆಗೆ ಹತಾರಗಳನ್ನು ದೇವರ ಮುಂದೆ ಇಡುವಾಗ ಯಾವುದೂ ಖಾಲಿ ಇರಬಾರದೆಂದು ಈರಪ್ಪ ಮಿಸ್ತ್ರಿ ಹೇಳಿಕೊಟ್ಟಿದ್ದರು. ಎಣ್ಣೆಯ ಕ್ಯಾನಿಗೆ ಎಣ್ಣೆ, ಗ್ರೀಸಿನ ಡಬ್ಬಿಗೆ ಗ್ರೀಸು, ಟಾರ್ಕ್ ಪಾನಾ ಕೊನೆಯ ಅಂಕಿಗೆ. ನಾನೂ ವರ್ಷವರ್ಷ ಹಾಗೆಯೇ ಪೂರ್ತಿ ಬಿಗಿದು ಕುಂಕುಮ ಹಚ್ಚಿ ಇಡುತ್ತಿದ್ದೆ, ದೀಪಾವಳಿಯವರೆಗೂ ತೆಗೆಯುತ್ತಿರಲಿಲ್ಲ. ವಾರಗಟ್ಟಲೆ ಅದುಮಿಸಿಕೊಂಡು ಕೂತ ಸ್ಪ್ರಿಂಗ್ ಸೋತುಹೋಗಿತ್ತು. ಕೆಲಸ ಮುಗಿದ ಮೇಲೆ ಕೆಳಗಿನ ಅಂಕಿಗೆ ಇಳಿಸಿಡಬೇಕೆಂದು ಅದರ ಪೆಟ್ಟಿಗೆಯ ಮೇಲೇ ಅಚ್ಚು ಹಾಕಿತ್ತು. ಇಷ್ಟು ವರ್ಷ ಅದನ್ನು ಓದದೆ ಬಿಟ್ಟವನು ನಾನೇ. ನನಗೆ ನಿಜಕ್ಕೂ ನಾಚಿಕೆಯಾಯಿತು.

ಸಿದ್ದಪ್ಪನ ಪೆಟ್ಟಿಗೆ ಬೆಂಚಿನ ಮೇಲೇ ಇತ್ತು. ಬಸವನ ಬಾಗೇವಾಡಿಯ ಗೆಳೆಯನ ಪಾನಾ ತರಿಸಿ, ಸ್ಟಡ್‌ಗಳನ್ನು ಕೂರಿಸಿ, ಬೋಲ್ಟೇ ಕೆಟ್ಟದ್ದು ಎಂದುಬಿಟ್ಟಿದ್ದರೆ ಊರೆಲ್ಲ ತಲೆಯಾಡಿಸುತ್ತಿತ್ತು. ನನ್ನ ಹೆಸರು ಉಳಿಯುತ್ತಿತ್ತು. ಆ ಆಸೆ ಬರಲೇ ಇಲ್ಲ ಎಂದು ಸುಳ್ಳು ಹೇಳಲಾರೆ.

ಬಾಗೇವಾಡಿಯ ಪಾನಾ ಬಂತು. ಅದೇ ಕಲ್ಲುಗಳಿಂದ ಪರೀಕ್ಷಿಸಿದೆ; ಇಪ್ಪತ್ತಕ್ಕೆ ಟಕ್ ಎಂದಿತು. ಹೊಸ ಗ್ಯಾಸ್ಕೆಟ್ ಹಾಕಿ, ಅದೇ ಹದಿನಾಲ್ಕು ಬೋಲ್ಟುಗಳನ್ನು ನಡುವಿನಿಂದ ಹೊರಕ್ಕೆ ಮೂರು ಸುತ್ತಿನಲ್ಲಿ ಬಿಗಿದೆ. ಮರುದಿನ ಮಧ್ಯಾಹ್ನ ಮಲ್ಲವ್ವ, ಸಿದ್ದಪ್ಪ, ಚಹಾದಂಗಡಿಯವರು ಎಲ್ಲರೆದುರು ಹಳೆಯ ಪಾನಾಕ್ಕೆ ಮತ್ತೆ ಕಲ್ಲು ಕಟ್ಟಿ ತೋರಿಸಿದೆ.

“ಅಂದ್ರ ತಪ್ಪು ನಿಮ್ದ ಅಂದಂಗಾತು” ಎಂದ ಸಿದ್ದಪ್ಪ.

“ನಂದ. ಬೋಲ್ಟಿಂದಲ್ಲ” ಎಂದೆ. “ನಿನ್ನ ಸ್ಟಡ್ ಅವತ್ತ ಹಾಕಿದ್ರ ಅವನ್ನೂ ಇದ ಪಾನಾದಿಂದ ಬಿಗೀತಿದ್ದೆ. ಅವೂ ಸಡ್ಲ ಇರ್ತಿದ್ವು.”

ಮಲ್ಲವ್ವ ಗಾಡಿ ಹತ್ತಿ ಚಾಲೂ ಮಾಡಿದಳು. “ಹೇಳಲಿಲ್ಲಂದ್ರ ನನಗ ಎಲ್ಲಿ ತಿಳೀತಿತ್ತರಿ, ಅಣ್ಣಾರ?” ಎಂದು ನಕ್ಕು ಹೊರಟಳು. ಗ್ಯಾಂಗು ನಿಡಗುಂದಿಗೆ ಹೋಗಲಿಲ್ಲ. ಆ ಹಂಗಾಮು ಮುಗಿಯುವವರೆಗೂ ಅದೇ ಬೋಲ್ಟುಗಳ ಮೇಲೆ ಅವಳು ಎರಡು ಟ್ರಾಲಿ ಎಳೆದಳು.

ಆ ವರ್ಷದ ದಸರೆಯಿಂದೀಚೆಗೆ ನಾನು ಹೆಡ್ ಕಟ್ಟಿದ್ದ ಇನ್ನೂ ಮೂರು ಗಾಡಿಗಳನ್ನು ಕರೆಸಿ ಮತ್ತೆ ಬಿಗಿದುಕೊಟ್ಟೆ. ಇಂಗಳೇಶ್ವರದವನೊಬ್ಬ ಬಾಯಿಗೆ ಬಂದಂತೆ ಬೈದ, ಬೈಸಿಕೊಂಡೆ. ಸ್ಟಡ್ ಕೆಟ್ಟದ್ದೆಂದು ನಾನು ಅಂದೂ ಹೇಳಲಿಲ್ಲ, ಇಂದೂ ಹೇಳುವುದಿಲ್ಲ. ಹೆಡ್ ಪದೇ ಪದೇ ಬಿಚ್ಚುವ ಸ್ಪರ್ಧೆಯ ಎಂಜಿನ್ನಿಗೆ ಸ್ಟಡ್ಡೇ ಸರಿ, ಬ್ಲಾಕಿನ ಹಲ್ಲು ಉಳಿಯುತ್ತದೆ. ಮರುವರ್ಷ ಸಿದ್ದಪ್ಪನ ಗಾಡಿಗೆ ನಾನೇ ಹಾಕಿಕೊಟ್ಟೆ. ಆದರೆ ತಪ್ಪು ಯಾರದೆಂದು ತಿಳಿಯುವ ಮೊದಲು ಭಾಗ ಬದಲಿಸುವುದು ರಿಪೇರಿಯಲ್ಲ, ತಲೆ ತಪ್ಪಿಸಿಕೊಳ್ಳುವುದು. ಯಾರು ಎಷ್ಟೇ ನಕ್ಕರೂ ಈ ಮಾತಿನಿಂದ ನಾನು ಹಿಂದೆ ಸರಿಯುವವನಲ್ಲ.

ಮರುವರ್ಷದ ಖಂಡೆ ಪೂಜೆಗೆ ಹೊಸ ಪಾನಾವನ್ನು ಕೆಳಗಿನ ಅಂಕಿಗೆ ಇಳಿಸಿ ದೇವರ ಮುಂದಿಟ್ಟೆ. ಕುಂಕುಮ ಹಿಡಿದಿದ್ದ ಹೆಂಡತಿ ತಡೆದಳು. “ಪೂಜಿಗೆ ಖಾಲಿ ಇಡಬಾರದ್ರಿ.”

“ಇದನ್ನ ಖಾಲಿ ಇಟ್ರನ ಖರೇ ಹೇಳತೈತಿ. ಹಚ್ಚ ಕುಂಕುಮ” ಎಂದೆ.