ಬೀಗ ನೋಡಲು ಬಂದವರು

ಹೈದರಾಬಾದಿಗೆ ಬಂದ ದಿನ ಹಿಮಾಯತ್‌ನಗರದ ಬಾಡಿಗೆ ಮನೆಗೆ ನನ್ನ ಜೋಳದ ಚೀಲ ಹೊತ್ತು ತಂದವನು ಸುಡಾನ್ ದೇಶದ ಹುಡುಗ. ಮೆಟ್ಟಿಲ ಮೇಲೆ "ಅಕ್ಕಾ, ಜರಗಂಡಿ" ಎಂದ. ಸರಿಯಿರಿ ಎನ್ನುವ ಆ ತೆಲುಗು ಮಾತನ್ನು ನಾನು ತಿರುಪತಿಯ ಸಾಲಿನಲ್ಲಷ್ಟೇ ಕೇಳಿದ್ದೆ.

ಹೆಸರು ಆದಂ. ಎದುರು ಕೋಣೆಯಲ್ಲಿದ್ದು ಬಿ.ಕಾಂ. ಓದುತ್ತಿದ್ದ, ನಮ್ಮಿಬ್ಬರಿಗೂ ಮಾಲೀಕ ಒಬ್ಬನೇ. ರಾಯಚೂರಿನಲ್ಲಿ ಎದುರು ಮನೆಯವರ ಮೂರು ತಲೆಮಾರು ಗೊತ್ತಿರುತ್ತದೆ. ಇಲ್ಲಿ ನನಗೆ ಗೊತ್ತಿದ್ದವನು ಇವನೊಬ್ಬನೇ. ನನ್ನ ರೊಟ್ಟಿ ತಿಂದು, ತಮ್ಮಲ್ಲೂ ಜೋಳವೇ ಊಟ ಅನ್ನುತ್ತಿದ್ದ.

ಸುಡಾನಿನ ಅಂತರ್ಯುದ್ಧದಲ್ಲಿ ಅವನ ಊರನ್ನು ಸುಟ್ಟಿದ್ದರು. ಆಫ್ರಿಕಾದ ದೇಶಗಳು ಸೇರಿ ಕಟ್ಟಿಕೊಂಡ ಒಕ್ಕೂಟ ಅಲ್ಲಿಗೆ ಸೈನಿಕರನ್ನು ಕಳಿಸಿತ್ತಂತೆ. ಆದರೆ ಅಲ್ಲಿನ ಸರ್ಕಾರ ಒಪ್ಪಿದಷ್ಟೇ ಅವರ ಕೆಲಸ. ಸುಟ್ಟವರ ಬೆನ್ನಿಗಿದ್ದದ್ದೂ ಅದೇ ಸರ್ಕಾರ. ಸೌದೆಗೆ ಹೋಗುವ ಹೆಂಗಸರ ಜೊತೆ ಆ ಸೈನಿಕರು ಜೀಪು ಕಳಿಸುತ್ತಿದ್ದರು, ಆದಂನ ತಾಯಿಗೆ ಅದೊಂದು ಧೈರ್ಯ. ದೂರದ ಶ್ರೀಮಂತ ದೇಶಗಳ ದುಡ್ಡು ತಡವಾದರೆ ಜೀಪೂ ನಿಲ್ಲುತ್ತಿತ್ತು. ಉಳಿದಂತೆ ಸುಟ್ಟ ಮೇಲೆ ಬರುವುದು, ನೋಡುವುದು, ವರದಿ ಬರೆಯುವುದು. ಕೇಳಿ ನನ್ನ ಮೈ ಉರಿದಿತ್ತು.

ಐಟಿ ಕಂಪನಿಗಳು ಬಂದವು, ಬಾಡಿಗೆ ಆಕಾಶಕ್ಕೇರಿತು. ಕೋಣೆಯನ್ನು ಸಾಫ್ಟ್‌ವೇರ್ ಹುಡುಗರಿಗೆ ಕೊಡುವ ಆಸೆಯಿಂದ ಮಾಲೀಕ ಒಂದು ಮಧ್ಯಾಹ್ನ ಆದಂ ಇಲ್ಲದಾಗ ತನ್ನ ಬೀಗ ಜಡಿದ. ಪುಸ್ತಕ, ಹಾಲ್‌ಟಿಕೆಟ್ ಎಲ್ಲ ಒಳಗೆ. ಮುಂದಿನ ವಾರ ಪರೀಕ್ಷೆ. ಪೊಲೀಸರು ವೀಸಾದ ಮಾತೆತ್ತುತ್ತಾರೆಂದು ಅವನಿಗೆ ಭಯ. ನಾನು ಕಟ್ಟಡದ ಸಂಘಕ್ಕೆ ಓಡಿದೆ. ಅಧ್ಯಕ್ಷರು ಗುಲ್ಬರ್ಗಾ ಕಡೆಯವರು, ನಮ್ಮವರೆಂದು ನಾನು ಕಾಕಾ ಎನ್ನುತ್ತಿದ್ದೆ. ಮೂವರು ಬಂದರು, ಬೀಗ ಎಳೆದು ನೋಡಿದರು, ಮಾಲೀಕ ಒಪ್ಪಿದರೆ ಸಭೆ ಕರೆಯೋಣ ಎಂದರು. ಬೀಗ ಹಾಕಿದವನನ್ನೇ ಒಪ್ಪಿಗೆ ಕೇಳುವುದೇ ಎಂದೆ.

"ಸಂಘದ ಪದ್ಧತಿನ ಹಂಗೈತಿ, ತಂಗಿ," ಎಂದರು ಕಾಕಾ. "ನೀವೂ ಬಾಡಿಗಿಗೆ ಇರೋರು. ಭಾಳ ಮಾತಾಡಬ್ಯಾಡ್ರಿ."

ಮಾಲೀಕ ಒಪ್ಪಲಿಲ್ಲ. ಸಭೆ ನಡೆಯಲಿಲ್ಲ, ಪರೀಕ್ಷೆ ನಡೆದುಹೋಯಿತು. ಆಮೇಲೆ ಮಾಲೀಕ ಪುಸ್ತಕಗಳನ್ನು ಹೊರಗಿಟ್ಟ. ಅವನ್ನು ಹೊತ್ತುಕೊಂಡು ಗೆಳೆಯರ ಕೋಣೆಗೆ ಹೊರಟ ಆದಂ ನನ್ನ ಬಾಗಿಲಲ್ಲಿ ನಿಂತು, ನಿಮ್ಮ ಮನೆಗೂ ಬೀಗ ಬಿದ್ದರೆ ಎಲ್ಲಿಗೆ ಹೋಗುತ್ತೀರಿ ಎಂದು ಇಲ್ಲಿಯ ಹಿಂದಿಯಲ್ಲಿ ಕೇಳಿದ.

ರಾಯಚೂರಿಗೆ ಎಂದೆ, ತಟ್ಟನೆ. ನಿಮ್ಮದು ಪುಣ್ಯ ಎಂದು ಅವನು ಮೆಟ್ಟಿಲಿಳಿದ. ಕಳೆದ ದೀಪಾವಳಿಗೆ ರಾಯಚೂರಿನ ತವರಿಗೆ ಹೋದ ಎರಡನೆಯ ದಿನವೇ ತಮ್ಮನ ಹೆಂಡತಿ, ಪ್ರೀತಿಯಿಂದಲೇ, ಕೇಳಿದ್ದಳು: "ಅಕ್ಕಾರ, ನಿಮ್ಮೂರಿಗೆ ಯಾವಾಗ ಹೊಂಟೀರಿ?"